ಅನ್ನನಾಳದ ಕಲೆ: ಎಲ್ಲಿ ಹೆದರಬೇಕು, ಎಲ್ಲಿ ಬೇಡ

ಎದೆಯುರಿ ತಾಳಲಾರದೆ ಎಂಡೋಸ್ಕೋಪಿ ಮಾಡಿಸಿಕೊಂಡವರ ವರದಿಯಲ್ಲಿ ಕೆಲವೊಮ್ಮೆ ‘ಬ್ಯಾರೆಟ್ಸ್ ಅನ್ನನಾಳ’ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಮೊದಲ ಸಾಲಿನಲ್ಲೇ ಕ್ಯಾನ್ಸರಿನ ಮಾತು. ಅಂದಿನಿಂದ ಅವರಿಗೆ ಊಟ ರುಚಿಸದು, ನಿದ್ದೆ ಹತ್ತದು. ಮಗಳ ಮದುವೆ ಬೇಗ ಮುಗಿಸಬೇಕು, ಸೈಟಿನ ಪತ್ರ ಹೆಂಡತಿಯ ಹೆಸರಿಗೆ ಮಾಡಿಸಬೇಕು ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಅದೇ ತಾಲ್ಲೂಕಿನಲ್ಲಿ ಮೂವತ್ತು ವರ್ಷದಿಂದ ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಜಗಿಯುತ್ತ ಬಂದ ಕೂಲಿ ಹೆಣ್ಣುಮಗಳೊಬ್ಬಳು ‘ಮುದ್ದೆ ಇಳೀತಿಲ್ಲ ಕಣವ್ವಾ, ಗ್ಯಾಸು’ ಎಂದು ಗಂಜಿ ಕುಡಿದು ಕೆಲಸಕ್ಕೆ ಹೊರಡುತ್ತಾಳೆ. ಮೊದಲನೆಯವರಿಗೆ ಬೇಕಿಲ್ಲದಷ್ಟು ಭಯ. ಎರಡನೆಯವಳಿಗೆ ಇರಲೇಬೇಕಾದ ಭಯವೂ ಇಲ್ಲ.

ಅನ್ನನಾಳದ ಕ್ಯಾನ್ಸರಿನ ವಿಷಯದಲ್ಲಿ ನಮ್ಮ ಸಮಾಜದ ತಿಳಿವಳಿಕೆ ಹೀಗೆ ಎರಡೂ ಕಡೆ ತಪ್ಪಿದೆ. ಕ್ಯಾನ್ಸರಿಗೆ ಮೊದಲು ಕಾಣಿಸುವ ಬದಲಾವಣೆಯನ್ನು ಕೆಲವರು ಕ್ಯಾನ್ಸರೇ ಎಂದುಕೊಳ್ಳುತ್ತಾರೆ. ನಿಜವಾಗಿ ಕ್ಯಾನ್ಸರಿನತ್ತ ಸಾಗುತ್ತಿರುವ ಬದಲಾವಣೆ ಇದ್ದವರಿಗೆ ಅದರ ಸುಳಿವೇ ಇರುವುದಿಲ್ಲ. ಈ ಬದಲಾವಣೆಗಳಲ್ಲಿ ಹಲವು ಬಗೆಗಳಿವೆ. ಒಂದೊಂದರ ಅಪಾಯಕ್ಕೂ ಒಂದೊಂದು ಅಳತೆಯಿದೆ. ಆ ಅಳತೆಯನ್ನು ತಿಳಿದರೆ ಮಾತ್ರ ನಮ್ಮ ಭಯವನ್ನೂ ಸರ್ಕಾರದ ಹಣವನ್ನೂ ವೈದ್ಯರ ಸಮಯವನ್ನೂ ಎಲ್ಲಿ ಹಾಕಬೇಕೆಂದು ಗೊತ್ತಾಗುತ್ತದೆ. ಕರ್ನಾಟಕದ ಮಟ್ಟಿಗೆ ಅವು ಹೋಗಬೇಕಾದದ್ದು ಎದೆಯುರಿಯವರ ಕಡೆಗಲ್ಲ, ಹೊಗೆಸೊಪ್ಪು-ಅಡಿಕೆ ಜಗಿಯುವವರ ಮತ್ತು ಕುಡಿಯುವವರ ಕಡೆಗೆ ಎಂಬುದು ಈ ಲೇಖನದ ವಾದ.

ಗಂಟಲಿನಿಂದ ಜಠರದವರೆಗಿನ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದರ ಒಳಪದರ ಬಾಯಿಯ ಒಳಪದರದಂತೆಯೇ ಚಪ್ಪಟೆ ಜೀವಕೋಶಗಳನ್ನು ಒಂದರ ಮೇಲೊಂದು ಹಾಸಿದ ಹಾಗಿರುತ್ತದೆ. ಬಿಸಿ, ಖಾರ, ಒರಟು ತುತ್ತು ಎಲ್ಲವನ್ನೂ ಅದು ತಡೆದುಕೊಳ್ಳುತ್ತದೆ. ಆದರೆ ಜಠರದ ಆಮ್ಲವನ್ನು ತಡೆಯುವ ಸಿದ್ಧತೆ ಅದಕ್ಕಿಲ್ಲ. ಆ ಸಿದ್ಧತೆ ಇರುವುದು ಜಠರದ ಕಂಬದಾಕಾರದ ಜೀವಕೋಶಗಳಿಗೆ. ಈ ಎರಡು ಪದರಗಳು ಕೂಡುವ ಗಡಿಯಲ್ಲೂ ಅದರ ಮೇಲ್ಭಾಗದಲ್ಲೂ ನಡೆಯುವ ಕೇಡುಗಳಿಂದ ಎರಡು ಬೇರೆ ಬೇರೆ ಕ್ಯಾನ್ಸರುಗಳು ಹುಟ್ಟುತ್ತವೆ. ಕೆಳತುದಿಯಲ್ಲಿ, ಆಮ್ಲದ ಹೊಡೆತದಿಂದ ಬದಲಾದ ಪದರದಲ್ಲಿ ಹುಟ್ಟುವುದು ಅಡಿನೋಕಾರ್ಸಿನೋಮ. ಹೆಚ್ಚಾಗಿ ನಡುಭಾಗದಲ್ಲಿ, ಮೂಲದ ಚಪ್ಪಟೆ ಕೋಶಗಳಲ್ಲೇ ಹುಟ್ಟುವುದು ಸ್ಕ್ವೇಮಸ್ ಕಾರ್ಸಿನೋಮ. ಕಾರಣ ಬೇರೆ, ಪೂರ್ವಸ್ಥಿತಿ ಬೇರೆ, ಬಲಿಯಾಗುವ ಜನರೂ ಬೇರೆ. ಇವೆರಡನ್ನು ಒಂದೇ ಹೆಸರಿನಡಿ ಕಲಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಮೊದಲನೆಯದರ ಕಥೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರಿಂದ ಶುರುವಾಗುತ್ತದೆ. 1950ರಲ್ಲಿ ಅವರು ಕೆಲವು ರೋಗಿಗಳ ಎದೆಯೊಳಗಿನ ಕೊಳವೆಯಲ್ಲಿ ಜಠರದಂಥ ಒಳಪದರ ಕಂಡು, ಇದು ಅನ್ನನಾಳವೇ ಅಲ್ಲ, ಹುಟ್ಟಿನಿಂದಲೇ ಮೇಲಕ್ಕೆಳೆದುಕೊಂಡ ಜಠರ ಎಂದು ಬರೆದರು. 1953ರಲ್ಲಿ ಅಲಿಸನ್ ಮತ್ತು ಜಾನ್‌ಸ್ಟೋನ್ ಎಂಬ ಇಬ್ಬರು ಅದನ್ನು ಅಲ್ಲಗಳೆದು, ಅದು ಅನ್ನನಾಳವೇ, ಒಳಪದರ ಮಾತ್ರ ಬದಲಾಗಿದೆ ಎಂದು ತೋರಿಸಿಕೊಟ್ಟರು. 1957ರ ಹೊತ್ತಿಗೆ ಬ್ಯಾರೆಟ್ ಅದನ್ನು ಒಪ್ಪಿಕೊಂಡರು. ಇಂದು ನಮಗೆ ತಿಳಿದಿರುವ ಚಿತ್ರ ಇದು: ಆಮ್ಲವೂ ಪಿತ್ತರಸವೂ ವರ್ಷಗಟ್ಟಲೆ ಮೇಲಕ್ಕೆ ಉಕ್ಕಿದಾಗ, ಗುದ್ದಲಿ ಹಿಡಿಯುವ ಅಂಗೈ ಜಡ್ಡುಗಟ್ಟುವಂತೆ, ಅನ್ನನಾಳದ ಕೆಳತುದಿ ಆ ಹೊಡೆತವನ್ನು ತಾಳಬಲ್ಲ ಬೇರೆ ಪದರವನ್ನು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಕರುಳಿನಲ್ಲಿರುವಂಥ, ಲೋಳೆ ತುಂಬಿದ ಗಾಬ್ಲೆಟ್ ಕೋಶಗಳು ಕಾಣುತ್ತವೆ. ಇದಕ್ಕೆ ವೈದ್ಯರು ಮೆಟಾಪ್ಲಾಸಿಯಾ ಎನ್ನುತ್ತಾರೆ. ದೇಹದ ಈ ಹೊಂದಾಣಿಕೆಯನ್ನೇ ನಾವು ಬ್ಯಾರೆಟ್ಸ್ ಎಂದು ಕರೆಯುತ್ತಿದ್ದೇವೆ.

ಇದು ಕ್ಯಾನ್ಸರ್ ಆಗುವ ಸಾಧ್ಯತೆ ಎಷ್ಟು? ಹಿಂದೆ ವರ್ಷಕ್ಕೆ ಇನ್ನೂರು ಮಂದಿಯಲ್ಲಿ ಒಬ್ಬರಿಗೆ, ಅಂದರೆ ಶೇ. 0.5ರ ಆಸುಪಾಸು ಎಂಬ ಅಂದಾಜಿತ್ತು. ಡೆನ್ಮಾರ್ಕಿನ ಇಡೀ ದೇಶದ ದಾಖಲೆಗಳಿಂದ 11,028 ಬ್ಯಾರೆಟ್ಸ್ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಪಾಯ ವರ್ಷಕ್ಕೆ ಶೇ. 0.12. ಸಾವಿರ ಮಂದಿ ಬ್ಯಾರೆಟ್ಸ್ ಇದ್ದವರನ್ನು ಒಂದು ವರ್ಷ ನೋಡಿದರೆ ಹೆಚ್ಚುಕಡಿಮೆ ಒಬ್ಬರಿಗೆ ಕ್ಯಾನ್ಸರ್. ಉಳಿದವರಲ್ಲಿ ಬಹುಪಾಲು ಮಂದಿ ಅನ್ನನಾಳದ ಕ್ಯಾನ್ಸರಿನಿಂದ ಎಂದೂ ಸಾಯುವವರಲ್ಲ. ಎಲ್ಲರಂತೆ ಹೃದಯ, ಶ್ವಾಸಕೋಶ, ವಯಸ್ಸು ಇಂಥ ಕಾರಣಗಳಿಂದಲೇ ಹೋಗುವವರು. ಸೈಟಿನ ಪತ್ರ ಬರೆಸುವ ಆತುರ ಅವರಿಗೆ ಬೇಕಿರಲಿಲ್ಲ.

ಹಾಗೆಂದು ಎಲ್ಲ ಬ್ಯಾರೆಟ್ಸ್ ಒಂದೇ ಅಲ್ಲ. ಬದಲಾದ ಪದರದೊಳಗೆ ಜೀವಕೋಶಗಳ ಆಕಾರ, ಸಾಲು, ಬಣ್ಣ ಕೆಡಲು ಶುರುವಾದರೆ ಅದು ಡಿಸ್ಪ್ಲಾಸಿಯಾ. ಅದರಲ್ಲಿ ಕೆಳದರ್ಜೆ, ಮೇಲ್ದರ್ಜೆ ಎಂದು ಎರಡು ಮೆಟ್ಟಿಲು. ಮೇಲ್ದರ್ಜೆಯದಾದರೆ ಅಪಾಯ ಹಲವು ಪಟ್ಟು ಏರಿ, ವರ್ಷಕ್ಕೆ ನೂರಕ್ಕೆ ಆರೇಳು ಮಂದಿಯವರೆಗೂ ಹೋಗುತ್ತದೆ. ಇಲ್ಲಿ ಮಾತ್ರ ವೈದ್ಯಶಾಸ್ತ್ರದ ಕೈಯಲ್ಲಿ ಗಟ್ಟಿ ಸಾಧನ ಇದೆ. ಎಂಡೋಸ್ಕೋಪಿನ ತುದಿಯಿಂದ ರೇಡಿಯೋ ತರಂಗದ ಶಾಖ ಕೊಟ್ಟು ಕೆಟ್ಟ ಪದರವನ್ನು ಸುಡುವ ಚಿಕಿತ್ಸೆಯನ್ನು ಪರೀಕ್ಷಿಸಿದ 2009ರ ಅಮೆರಿಕದ ಪ್ರಯೋಗದಲ್ಲಿ, ಒಂದು ವರ್ಷದೊಳಗೆ ಕ್ಯಾನ್ಸರ್ ಕಂಡದ್ದು ಚಿಕಿತ್ಸೆ ಪಡೆದವರಲ್ಲಿ ಶೇ. 1.2, ಪಡೆಯದವರಲ್ಲಿ ಶೇ. 9.3. ಕೆಳದರ್ಜೆಯವರ ಮೇಲೆ ಯುರೋಪಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮೂರು ವರ್ಷಗಳಲ್ಲಿ ಮೇಲ್ದರ್ಜೆಗೋ ಕ್ಯಾನ್ಸರಿಗೋ ಏರಿದವರು ಚಿಕಿತ್ಸೆ ಪಡೆದವರಲ್ಲಿ ಶೇ. 1.5, ಪಡೆಯದವರಲ್ಲಿ ಶೇ. 26.5. ಹೀಗಾಗಿ ವರದಿ ಹಿಡಿದವರು ‘ನನಗೆ ಬ್ಯಾರೆಟ್ಸ್ ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಬಯಾಪ್ಸಿ ತೆಗೆದಿದ್ದಾರೆಯೇ, ಅದರಲ್ಲಿ ಗಾಬ್ಲೆಟ್ ಕೋಶ ಕಂಡಿದೆಯೇ, ಡಿಸ್ಪ್ಲಾಸಿಯಾ ಇದೆಯೇ, ಇದ್ದರೆ ಎರಡನೆಯ ಪೆಥಾಲಜಿಸ್ಟ್ ಅದನ್ನು ಒಪ್ಪಿದ್ದಾರೆಯೇ, ಬದಲಾದ ಭಾಗ ಎಷ್ಟು ಸೆಂಟಿಮೀಟರ್ ಉದ್ದ ಎಂದೂ ಕೇಳಬೇಕು. ಎಂಡೋಸ್ಕೋಪಿಯಲ್ಲಿ ಕಂಡ ಕೆಂಪು ಬಣ್ಣವೊಂದನ್ನೇ ನೋಡಿ ಬ್ಯಾರೆಟ್ಸ್ ಎಂದು ಬರೆದುಬಿಟ್ಟರೆ ಅದು ರೋಗನಿರ್ಣಯ ಆಗದು. ಗಡಿರೇಖೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಏರುಪೇರಾಗುವುದು ಆರೋಗ್ಯವಂತರಲ್ಲೂ ಇರುತ್ತದೆ.

ಒಮ್ಮೆ ಗೊತ್ತಾದ ಮೇಲೆ ವರ್ಷವರ್ಷ ನೋಡುತ್ತಿದ್ದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಸಹಜವಾದ ಪ್ರಶ್ನೆ. ಪಶ್ಚಿಮದ ದೇಶಗಳು ದಶಕಗಳಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಆದರೆ ಬ್ರಿಟನ್ನಿನಲ್ಲಿ ಸುಮಾರು 3,450 ಬ್ಯಾರೆಟ್ಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿ, ಇನ್ನೊಂದಕ್ಕೆ ತೊಂದರೆ ಕಂಡಾಗ ಮಾತ್ರ ಎಂದು ಹತ್ತು ವರ್ಷಕ್ಕೂ ಮೀರಿ ನೋಡಿದ ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಂದಿತು. ಸಾವಿನ ಪ್ರಮಾಣದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಸತ್ಯ ಇದಕ್ಕಿಂತ ಕಠಿಣ: ಅನ್ನನಾಳದ ಅಡಿನೋಕಾರ್ಸಿನೋಮ ಬಂದವರಲ್ಲಿ ಬಹುಪಾಲು ಮಂದಿಗೆ ಅದಕ್ಕೆ ಮೊದಲು ತಮಗೆ ಬ್ಯಾರೆಟ್ಸ್ ಇತ್ತೆಂಬುದೇ ಗೊತ್ತಿರುವುದಿಲ್ಲ. ಅಂದರೆ ಕಾವಲು ಕಾಯುತ್ತಿರುವುದು ಒಂದು ಕಡೆ, ಕಳ್ಳ ನುಗ್ಗುತ್ತಿರುವುದು ಇನ್ನೊಂದು ಕಡೆ. ಇದನ್ನು ಮನಗಂಡೇ ಕೇಂಬ್ರಿಜ್‌ನ ರೆಬೆಕಾ ಫಿಟ್ಜ್‌ಜೆರಾಲ್ಡ್ ಮತ್ತವರ ತಂಡ ದಾರಕ್ಕೆ ಕಟ್ಟಿದ ಗುಳಿಗೆಯೊಂದನ್ನು ರೂಪಿಸಿತು. ಅದನ್ನು ನುಂಗಿದರೆ ಜಠರದಲ್ಲಿ ಸ್ಪಂಜಾಗಿ ಅರಳುತ್ತದೆ. ದಾರ ಎಳೆದರೆ ಅನ್ನನಾಳದುದ್ದಕ್ಕೂ ಜೀವಕೋಶಗಳನ್ನು ಹೊತ್ತು ಹೊರಬರುತ್ತದೆ. ಎಂಡೋಸ್ಕೋಪಿ ಬೇಡ, ಅರಿವಳಿಕೆ ಬೇಡ. ಎದೆಯುರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಪರೀಕ್ಷೆಯ ಅವಕಾಶ ಪಡೆದ ಗುಂಪಿನಲ್ಲಿ 140 ಮಂದಿಗೆ ಬ್ಯಾರೆಟ್ಸ್ ಪತ್ತೆಯಾಯಿತು. ಎಂದಿನ ವೈದ್ಯಕೀಯ ಕ್ರಮದ ಗುಂಪಿನಲ್ಲಿ 13 ಮಂದಿಗೆ. ಗೊತ್ತಿರುವ ಕೆಲವರನ್ನೇ ಮತ್ತೆ ಮತ್ತೆ ನೋಡುವುದಕ್ಕಿಂತ ಗೊತ್ತಿಲ್ಲದವರನ್ನು ಅಗ್ಗದ ಸಾಧನದಿಂದ ಹುಡುಕುವುದು ಮೇಲು ಎಂಬ ಈ ದಿಕ್ಕು ನಮಗೂ ಪಾಠ.

ಪೂರ್ವಸ್ಥಿತಿಯನ್ನು ವಿಧಿಯೆಂದು ನಂಬುವವರ ವಿರುದ್ಧ ಇನ್ನೂ ಆಳದ ಸಾಕ್ಷ್ಯವೊಂದಿದೆ. ಯಾವ ರೋಗವೂ ಇಲ್ಲದವರ ಅನ್ನನಾಳದ ಒಳಪದರವನ್ನು ಚಿಕ್ಕ ಚಿಕ್ಕ ತುಣುಕು ಮಾಡಿ ವಂಶವಾಹಿಗಳನ್ನು ಓದಿದ ಬ್ರಿಟಿಷ್ ವಿಜ್ಞಾನಿಗಳು 2018ರಲ್ಲಿ ಅಚ್ಚರಿಯ ಸಂಗತಿ ಹೊರಗೆಡಹಿದರು. ನಡುವಯಸ್ಸು ದಾಟಿದವರ ಆರೋಗ್ಯವಂತ ಅನ್ನನಾಳದಲ್ಲೂ ಕ್ಯಾನ್ಸರಿಗೆ ಸಂಬಂಧಿಸಿದ ರೂಪಾಂತರ ಹೊತ್ತ ಜೀವಕೋಶಗಳು ಬಹುಭಾಗವನ್ನು ಆಕ್ರಮಿಸಿರುತ್ತವೆ. ನಾಚ್-1 ಎಂಬ ವಂಶವಾಹಿಯ ರೂಪಾಂತರ ಶೇ. 12ರಿಂದ 80ರಷ್ಟು ಕೋಶಗಳಲ್ಲಿ ಕಂಡಿತು. ಕ್ಯಾನ್ಸರ್ ಗಡ್ಡೆಗಳಲ್ಲಿ ಕಾಣುವುದಕ್ಕಿಂತಲೂ ಇದು ಹಲವು ಪಟ್ಟು ಹೆಚ್ಚು. 2021ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಇಂಥ ರೂಪಾಂತರಿತ ಕೋಶಗಳೇ ಆಗತಾನೇ ಹುಟ್ಟಿದ ಗಡ್ಡೆಗಳ ಜೊತೆ ಜಾಗಕ್ಕಾಗಿ ಪೈಪೋಟಿ ನಡೆಸಿ ಅವುಗಳಲ್ಲಿ ಬಹಳಷ್ಟನ್ನು ಹೊರದಬ್ಬುತ್ತವೆ. ವಯಸ್ಸಾದ ದೇಹ ಎಂದರೆ ಅಸಂಖ್ಯ ಸಣ್ಣ ಕೆಡುಕುಗಳ ನಡುವೆ ಸಮತೋಲ ಕಾಯ್ದುಕೊಂಡ ದೇಹ. ಆ ಸಮತೋಲವನ್ನು ಕೆಡಿಸುವುದು ಯಾವುದು ಎಂಬುದೇ ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆ ನಮ್ಮನ್ನು ನೇರವಾಗಿ ಎರಡನೆಯ ಕ್ಯಾನ್ಸರಿನ ಬಳಿಗೆ ಕರೆತರುತ್ತದೆ.

ಜಗತ್ತಿನ ಅನ್ನನಾಳದ ಕ್ಯಾನ್ಸರುಗಳಲ್ಲಿ ಬಹುದೊಡ್ಡ ಪಾಲು ಸ್ಕ್ವೇಮಸ್ ಬಗೆಯದು. ಭಾರತದಲ್ಲೂ ಹಾಗೆಯೇ. ನಮ್ಮ ದೇಶದಲ್ಲಿ ವರ್ಷಕ್ಕೆ ಅರವತ್ತರಿಂದ ಎಪ್ಪತ್ತು ಸಾವಿರ ಮಂದಿಗೆ ಅನ್ನನಾಳದ ಕ್ಯಾನ್ಸರ್ ಬರುತ್ತದೆಂಬುದು ಅಂತಾರಾಷ್ಟ್ರೀಯ ಅಂದಾಜು. ವರ್ಷಕ್ಕೆ ಸಾಯುವವರ ಸಂಖ್ಯೆಯೂ ಅದರ ಹತ್ತಿರಕ್ಕೇ ನಿಲ್ಲುತ್ತದೆ. ಬಂದವರ ಮತ್ತು ಹೋದವರ ಎಣಿಕೆ ಇಷ್ಟು ಸಮೀಪ ಇರುವುದೇ ನಾವು ಎಷ್ಟು ತಡವಾಗಿ ಎಚ್ಚರಗೊಳ್ಳುತ್ತೇವೆ ಎಂಬುದಕ್ಕೆ ಸಾಕ್ಷಿ. ದೇಶದ ಮೊದಲ ಕ್ಯಾನ್ಸರ್ ನೋಂದಣಿ ಕೇಂದ್ರಗಳಲ್ಲಿ ಒಂದು 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಶುರುವಾಯಿತು. ಅಂದಿನಿಂದಲೂ ಅಲ್ಲಿಯ ಪಟ್ಟಿಯಲ್ಲಿ ಅನ್ನನಾಳ ಗಂಡಸರಲ್ಲೂ ಹೆಂಗಸರಲ್ಲೂ ಮುಂಚೂಣಿಯ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತ ಬಂದಿದೆ. ಪಶ್ಚಿಮದಲ್ಲಿ ಇದು ಮುಖ್ಯವಾಗಿ ಗಂಡಸರ ರೋಗ. ನಮ್ಮಲ್ಲಿ ಹೆಂಗಸರನ್ನೂ ಇಷ್ಟು ತಟ್ಟಿರುವುದರ ಹಿಂದಿನ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸೆರಗಿನ ಗಂಟಿನಲ್ಲೂ ಸಂಚಿಯಲ್ಲೂ ಇರುವ ಹೊಗೆಸೊಪ್ಪು, ಕಡ್ಡಿಪುಡಿ ಸಾಕು.

ಸ್ಕ್ವೇಮಸ್ ಕ್ಯಾನ್ಸರಿಗೂ ಪೂರ್ವಸ್ಥಿತಿ ಇದೆ. ಅದರ ಅಳತೆಯನ್ನು ಜಗತ್ತಿಗೆ ಕೊಟ್ಟದ್ದು ಚೀನಾದ ಹೆನಾನ್ ಪ್ರಾಂತ್ಯದ ಲಿನ್‌ಶಿಯನ್ ಎಂಬ ಬಡ ಗುಡ್ಡಗಾಡು. ಜಗತ್ತಿನಲ್ಲೇ ಅತಿ ಹೆಚ್ಚು ಅನ್ನನಾಳದ ಕ್ಯಾನ್ಸರ್ ಕಂಡ ಜಾಗಗಳಲ್ಲಿ ಅದೂ ಒಂದು. ಅಲ್ಲಿ 1987ರಲ್ಲಿ ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸಿಕೊಂಡ 682 ಮಂದಿಯನ್ನು ಹದಿಮೂರೂವರೆ ವರ್ಷ ಹಿಂಬಾಲಿಸಿದರು. ಒಳಪದರ ಸರಿಯಾಗಿದ್ದವರಲ್ಲಿ ಆ ಅವಧಿಯಲ್ಲಿ ಕ್ಯಾನ್ಸರ್ ಬಂದದ್ದು ನೂರಕ್ಕೆ ಎಂಟು ಮಂದಿಗೆ. ಸೌಮ್ಯ ಡಿಸ್ಪ್ಲಾಸಿಯಾ ಇದ್ದವರಲ್ಲಿ ಇಪ್ಪತ್ತನಾಲ್ಕು, ಮಧ್ಯಮದವರಲ್ಲಿ ಐವತ್ತು, ತೀವ್ರವಾದವರಲ್ಲಿ ಎಪ್ಪತ್ತನಾಲ್ಕು. ಬ್ಯಾರೆಟ್ಸ್‌ನ ವರ್ಷಕ್ಕೆ ಸಾವಿರಕ್ಕೊಬ್ಬರು ಎಲ್ಲಿ, ಇದೆಲ್ಲಿ! ಲಿನ್‌ಶಿಯನ್ ವಿಶೇಷವಾದ ಜಾಗ. ಅದರ ಅಂಕಿಗಳು ನಮ್ಮೂರಿಗೆ ಹಾಗೇ ಹೊಂದಲಾರವು. ಆದರೆ ಮೆಟ್ಟಿಲು ಏರಿದಂತೆ ಅಪಾಯ ಏರುವ ಪರಿ ಎಲ್ಲ ಕಡೆಗೂ ಒಂದೇ. ಹೀಗಿದ್ದೂ ನಮ್ಮ ಜನಕ್ಕೆ ‘ಬ್ಯಾರೆಟ್ಸ್’ ಎಂಬ ಹೆಸರಾದರೂ ಕಿವಿಗೆ ಬಿದ್ದಿರುತ್ತದೆ, ಸ್ಕ್ವೇಮಸ್ ಡಿಸ್ಪ್ಲಾಸಿಯಾ ಎಂಬುದನ್ನು ಕೇಳಿದವರು ಎಲ್ಲೋ ಒಬ್ಬರು.

ಕೇಳದಿರಲು ಒಂದು ಕಾರಣ, ಅದು ಸುಮ್ಮನಿರುತ್ತದೆ. ಅದಕ್ಕೆ ಉರಿಯಿಲ್ಲ, ನೋವಿಲ್ಲ. ಸಾಮಾನ್ಯ ಬೆಳಕಿನ ಎಂಡೋಸ್ಕೋಪಿಯಲ್ಲಿ ನುರಿತ ಕಣ್ಣಿಗೂ ತಪ್ಪಿಸಿಕೊಳ್ಳಬಹುದು. ಆದರೆ ಅದನ್ನು ಕಾಣಿಸುವ ಉಪಾಯ ದುಬಾರಿಯೇನಲ್ಲ. ಫ್ರೆಂಚ್ ವೈದ್ಯ ಲುಗಾಲ್ 1829ರಲ್ಲಿ ತಯಾರಿಸಿದ ಅಯೋಡಿನ್ ದ್ರಾವಣವನ್ನು ಎಂಡೋಸ್ಕೋಪಿನ ಮೂಲಕ ಸಿಂಪಡಿಸಿದರೆ, ಗ್ಲೈಕೋಜನ್ ತುಂಬಿದ ಆರೋಗ್ಯವಂತ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಕೆಟ್ಟ ಜಾಗ ಮಾತ್ರ ಬಣ್ಣ ಹಿಡಿಯದೆ ಹಳದಿಯಾಗಿ ಎದ್ದು ಕಾಣುತ್ತದೆ. ಅಲ್ಲಿಂದಲೇ ಬಯಾಪ್ಸಿ ತೆಗೆಯಬಹುದು. ಬೇರು ಆಳಕ್ಕಿಳಿಯದ ಗಾಯವಾದರೆ ಎದೆ ಸೀಳದೆ ಎಂಡೋಸ್ಕೋಪಿನಿಂದಲೇ ಅದನ್ನು ಕೊಯ್ದು ತೆಗೆಯಬಹುದು. ಚೀನಾದ ಹೆಬೈ ಪ್ರಾಂತ್ಯದ ಸಿಶಿಯನ್‌ನಲ್ಲಿ ನಲವತ್ತರಿಂದ ಅರವತ್ತೊಂಬತ್ತು ವಯಸ್ಸಿನ ಹಳ್ಳಿಗರಿಗೆ ಒಂದೇ ಒಂದು ಸಲ ಹೀಗೆ ಅಯೋಡಿನ್ ಎಂಡೋಸ್ಕೋಪಿ ಮಾಡಿ, ಕಂಡದ್ದಕ್ಕೆ ಚಿಕಿತ್ಸೆ ಕೊಟ್ಟು ಹತ್ತು ವರ್ಷ ಕಾದರು. ತಪಾಸಣೆ ನಡೆದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಶೇ. 3.35; ನಡೆಯದ ಹಳ್ಳಿಗಳಲ್ಲಿ ಶೇ. 5.05. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಂದು ಸಲದ ತಪಾಸಣೆ ಮೂರರಲ್ಲಿ ಒಂದು ಸಾವನ್ನು ತಪ್ಪಿಸಿತು.

ಈ ಕೇಡನ್ನು ಬಿತ್ತುವುದು ಯಾವುದು? ಲಿಯಾನ್‌ನಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದರಲ್ಲಿ ಅನುಮಾನಕ್ಕೆ ಎಡೆ ಉಳಿಸಿಲ್ಲ. ಬೀಡಿ-ಸಿಗರೇಟು, ಜಗಿಯುವ ತಂಬಾಕು, ಮದ್ಯ ಇವೆಲ್ಲ ಅನ್ನನಾಳದ ಕ್ಯಾನ್ಸರಿಗೆ ಖಚಿತ ಕಾರಣಗಳು. ತಂಬಾಕು ಬೆರೆಸಿದ ಎಲೆಯಡಿಕೆಯೂ ಕಾರಣ, ತಂಬಾಕು ಬೆರೆಸದ ಎಲೆಯಡಿಕೆಯೂ ಕಾರಣ ಎಂಬುದು ಅದರ ತೀರ್ಮಾನ. ತಂಬಾಕು ಮತ್ತು ಮದ್ಯ ಒಟ್ಟಿಗೆ ಸೇರಿದರೆ ಅಪಾಯ ಬರಿಯ ಕೂಡಿಕೆಯಲ್ಲ, ಗುಣಿಕೆಯಾಗುತ್ತದೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯ ಕುಡಿಯುವುದೂ ಬಹುಶಃ ಕಾರಣವೇ ಎಂದು 2016ರಲ್ಲಿ ಅದೇ ಸಂಸ್ಥೆ ಹೇಳಿತು. ಇರಾನಿನ ಗೊಲೆಸ್ತಾನದ ಸುಡುಬಿಸಿ ಚಹಾ, ಕಾಶ್ಮೀರದ ಉಪ್ಪು ಚಹಾ ಇವುಗಳ ಮೇಲೆ ಕಣ್ಣಿಟ್ಟದ್ದು ಈ ಕಾರಣಕ್ಕೇ. ಇನ್ನು ಹೆಂಗಸರ ಮಟ್ಟಿಗೆ ಮರೆಯಬಾರದ್ದು ರಕ್ತಹೀನತೆ. ಕಬ್ಬಿಣಾಂಶದ ತೀವ್ರ ಕೊರತೆಯಿಂದ ಅನ್ನನಾಳದ ಮೇಲ್ತುದಿಯಲ್ಲಿ ತೆಳು ಪೊರೆ ಕಟ್ಟಿ ನುಂಗಲು ತೊಂದರೆಯಾಗುವ ಪ್ಲಮ್ಮರ್-ವಿನ್ಸನ್ ಎಂಬ ಸ್ಥಿತಿ ಅಲ್ಲಿಯ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತದೆ. ಒಂದು ಕಾಲಕ್ಕೆ ಸ್ವೀಡನ್ನಿನ ಹೆಂಗಸರಲ್ಲಿ ಹೆಚ್ಚಿದ್ದ ಇದು ಪೋಷಣೆ ಸುಧಾರಿಸಿದ ಮೇಲೆ ಅಪರೂಪವಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹೊಗೆಸೊಪ್ಪು, ರಕ್ತಹೀನತೆ, ಹಣ್ಣು-ತರಕಾರಿಯಿಲ್ಲದ ಊಟ ಮೂರೂ ಒಂದೇ ದೇಹದಲ್ಲಿ ಸೇರುವುದು ಬಡ ಹೆಂಗಸಿನ ದೇಹದಲ್ಲೇ.

ಅಡಿಕೆಯ ಮಾತು ಎತ್ತಿದ ಕೂಡಲೇ ಮಲೆನಾಡಿನಲ್ಲೂ ಕರಾವಳಿಯಲ್ಲೂ ಮನಸ್ಸು ಮುದುಡುತ್ತದೆ. ಅದು ನನಗೆ ಅರ್ಥವಾಗುತ್ತದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ; ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು ಕಡೆಯ ಲಕ್ಷಾಂತರ ಕುಟುಂಬಗಳ ಮಕ್ಕಳ ಓದು, ಮನೆಯ ಸಾಲ ಎಲ್ಲ ಅದರ ಮೇಲೆ ನಿಂತಿದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವೂ ಇಲ್ಲ. ಹಾಗೆಂದು ವಿಜ್ಞಾನದ ತೀರ್ಮಾನವನ್ನು ಬೆಳೆಗಾರರ ಮೇಲಿನ ದಾಳಿ ಎಂದು ಓದುವುದು ಬೆಳೆಗಾರರಿಗೇ ಹಿತವಲ್ಲ. ಅಪಾಯ ನಿಂತಿರುವುದು ಎಷ್ಟು, ಎಷ್ಟು ಹೊತ್ತು, ಎಷ್ಟು ವರ್ಷ ಜಗಿದರು ಎಂಬುದರ ಮೇಲೆ. ಹಬ್ಬದ ದಿನ ಊಟವಾದ ಮೇಲೆ ಹಾಕುವ ಒಂದು ತಾಂಬೂಲವನ್ನು, ಬೆಳಗಿನಿಂದ ರಾತ್ರಿವರೆಗೆ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಹೊಗೆಸೊಪ್ಪು-ಅಡಿಕೆಯ ಉಂಡೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ನಮ್ಮ ಅಡಿಕೆಯ ದೊಡ್ಡ ಪಾಲು ಇಂದು ಹೋಗುತ್ತಿರುವುದು ಗುಟ್ಕಾ, ಪಾನ್ ಮಸಾಲಾದ ಪೊಟ್ಟಣಗಳಿಗೆ ಎಂಬುದನ್ನು ಬೆಳೆಗಾರರೂ ಬಲ್ಲರು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಅಕ್ಕಪಕ್ಕ ತೂಗುಬಿದ್ದು ಮಾರಾಟವಾಗುವುದು ನಿಂತಿಲ್ಲ. ಕೊಂಡವನ ಅಂಗೈಯಲ್ಲಿ ಎರಡೂ ಮತ್ತೆ ಒಂದಾಗುತ್ತವೆ. ಬೆಳೆಗಾರರ ಬದುಕನ್ನು ಉಳಿಸಲು ಅಂತರಬೆಳೆ, ಪರ್ಯಾಯ ಬಳಕೆ, ಬೆಲೆಯ ಭದ್ರತೆ ಇವುಗಳಿಗಾಗಿ ಸರ್ಕಾರ ಹಣ ಹಾಕಲಿ. ಕ್ಯಾನ್ಸರಿನ ಸತ್ಯವನ್ನು ಮರೆಮಾಚಿ ಉಳಿಸುವ ಬದುಕು ಬಹಳ ದಿನ ಉಳಿಯದು.

ಇಷ್ಟೆಲ್ಲ ಕಾರಣ ಗೊತ್ತಿದ್ದರೂ ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಅನ್ನನಾಳದ ರಚನೆಯೇ ಇದಕ್ಕೆ ಪಾಲುದಾರ. ಅದು ಹಿಗ್ಗಬಲ್ಲ ಕೊಳವೆ. ಒಳಗಿನ ದಾರಿ ಬಹಳಷ್ಟು ಕಿರಿದಾಗುವ ತನಕ ತುತ್ತು ಇಳಿಯುತ್ತಲೇ ಇರುತ್ತದೆ. ಕರುಳಿಗೆ ಇರುವಂಥ ಹೊರಪೊರೆ ಅದಕ್ಕಿಲ್ಲ. ಹಾಗಾಗಿ ಗಡ್ಡೆ ಸುತ್ತಲಿನ ಅಂಗಗಳಿಗೆ ಬೇಗ ಅಂಟುತ್ತದೆ. ಒಳಪದರದ ಕೆಳಗೇ ದುಗ್ಧನಾಳಗಳ ಬಲೆ ದಟ್ಟವಾಗಿರುವುದರಿಂದ ರೋಗ ದೂರದ ಗ್ರಂಥಿಗಳಿಗೂ ಬೇಗ ಹಬ್ಬುತ್ತದೆ. ಮುದ್ದೆ, ರೊಟ್ಟಿ ಇಳಿಯದೆ ಬರಿ ಗಂಜಿ ಇಳಿಯುವ ಹೊತ್ತಿಗೆ ರೋಗ ಮೊದಲ ಹಂತದಲ್ಲಿರುವುದು ಅಪರೂಪ. ಆಗ ಉಳಿಯುವ ದಾರಿಗಳು ಕಠಿಣ: ಕಿಮೊಥೆರಪಿ, ರೇಡಿಯೇಷನ್, ಅನ್ನನಾಳ ತೆಗೆದು ಜಠರವನ್ನು ಮೇಲಕ್ಕೆಳೆದು ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ, ಅಥವಾ ಊಟ ಇಳಿಯಲೆಂದು ಸ್ಟೆಂಟ್.

ಈ ವಿಳಂಬಕ್ಕೆ ದೇಹದ ಜೊತೆ ನಮ್ಮ ಅಭ್ಯಾಸವೂ ಹೊಣೆ. ಹೊಟ್ಟೆಯ ಮೇಲಿನ ಯಾವ ಸಂಕಟಕ್ಕೂ ನಮ್ಮಲ್ಲಿ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ ಆ ಹೆಸರು ಹೇಳಿದರೆ ಚೀಟಿಯಿಲ್ಲದೆ ಮಾತ್ರೆ ಸಿಗುತ್ತದೆ. ಆಮ್ಲ ತಗ್ಗಿಸುವ ಆ ಮಾತ್ರೆಗಳು ಎದೆಯುರಿಗೆ ಒಳ್ಳೆಯ ಔಷಧಿ. ಬ್ಯಾರೆಟ್ಸ್ ಇದ್ದವರಿಗೆ ಅವು ಬೇಕೂ ಹೌದು. ಆದರೆ ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು ಎದೆಯುರಿಯಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ಹೊಸದಾಗಿ ಕಂಡ ರಕ್ತಹೀನತೆ ಇವೂ ಅಲ್ಲ. ಇವುಗಳಲ್ಲಿ ಯಾವುದಿದ್ದರೂ ಮಾತ್ರೆಗೆ ಮೊದಲು ಎಂಡೋಸ್ಕೋಪಿ ಆಗಬೇಕು. ನುಂಗಲು ತೊಂದರೆ ಎಂದು ಬಂದವರಿಗೆ ಎರಡು ವಾರದೊಳಗೆ ಎಂಡೋಸ್ಕೋಪಿ ಆಗಬೇಕೆಂಬುದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಇಟ್ಟುಕೊಂಡಿದ್ದ ಗುರಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೂ ಇಂಥ ಒಂದು ಸಾಲು ಬರೆದಿರಬೇಕು.

ಹಾಗಾದರೆ ಊರೂರಿಗೆ ಎಂಡೋಸ್ಕೋಪಿ ಶಿಬಿರ ನಡೆಸೋಣವೇ? ಬೇಡ. ಲಿನ್‌ಶಿಯನ್‌ನಷ್ಟು ದಟ್ಟವಾದ ರೋಗ ನಮ್ಮಲ್ಲಿಲ್ಲ. ಅಪಾಯ ಕಡಿಮೆ ಇರುವ ಲಕ್ಷಾಂತರ ಮಂದಿಯ ಗಂಟಲಿಗೆ ಕೊಳವೆ ಇಳಿಸಿದರೆ ಖರ್ಚೂ ಅನಗತ್ಯ ಭಯವೂ ಹೆಚ್ಚುತ್ತವೆ, ಉಳಿಯುವ ಜೀವಗಳು ಕಡಿಮೆ. ಬ್ಯಾರೆಟ್ಸ್‌ನ ಕಥೆಯಿಂದ ಕಲಿಯಬೇಕಾದ್ದೇ ಇದು. ನನ್ನ ಸಲಹೆ ಇದಕ್ಕಿಂತ ಸಣ್ಣದು, ಕೈಗೆಟುಕುವಂಥದು. ಮೂವತ್ತು ದಾಟಿದವರ ಬಾಯಿ ನೋಡುವ ತಪಾಸಣೆ ಈಗಾಗಲೇ ಸರ್ಕಾರದ ಕಾರ್ಯಕ್ರಮದಲ್ಲಿದೆ. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಹೋಗುತ್ತಿದ್ದಾರೆ. ತಂಬಾಕು, ಅಡಿಕೆ, ಮದ್ಯದಿಂದ ಬಾಯಿಯಲ್ಲಿ ಕೆಡುವ ಪದರವೂ ಅನ್ನನಾಳದಲ್ಲಿ ಕೆಡುವ ಪದರವೂ ಒಂದೇ ಜಾತಿಯವು. ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆಯೂ ಕೆಟ್ಟಿರುವ ಸಾಧ್ಯತೆ ಹೆಚ್ಚು ಎಂಬ ತಿಳಿವು 1953ರಷ್ಟು ಹಳೆಯದು. ಆದ್ದರಿಂದ ಬಾಯಿಯಲ್ಲಿ ಬಿಳಿ ಕಲೆ, ಕೆಂಪು ಕಲೆ ಇದ್ದು ಹಲವು ವರ್ಷ ಜಗಿದವರು, ಜಗಿಯುವುದರ ಜೊತೆ ಕುಡಿಯುವವರು, ಬಾಯಿ-ಗಂಟಲ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು, ಇವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ ಒಂದು ಸಲ ಅಯೋಡಿನ್ ಎಂಡೋಸ್ಕೋಪಿ ಮಾಡಿಸಬೇಕು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಇರುವ ಎರಡು ಸೇವೆಗಳ ನಡುವೆ ಒಂದು ಚೀಟಿ ಓಡಾಡಿದರೆ ಸಾಕು. ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ಅಯೋಡಿನ್ ಬಳಕೆಯಲ್ಲೂ ಸಣ್ಣ ಗಾಯ ಗುರುತಿಸುವುದರಲ್ಲೂ ತರಬೇತಿ ಕೊಡಬೇಕು. ಕಂಡ ಗಾಯವನ್ನು ತೆಗೆಯಬಲ್ಲ ದೊಡ್ಡ ಕೇಂದ್ರಕ್ಕೆ ಅಲ್ಲಿಂದ ದಾರಿ ಇರಬೇಕು.

ಹುಡುಕುವುದಕ್ಕಿಂತ ತಡೆಯುವುದು ದೊಡ್ಡದು. ರಾಜ್ಯದ ವಯಸ್ಕರಲ್ಲಿ ಸುಮಾರು ಆರರಲ್ಲೊಬ್ಬರು ಹೊಗೆರಹಿತ ತಂಬಾಕು ಬಳಸುತ್ತಾರೆಂದು 2016-17ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಬಿಡಬೇಕೆಂದಿರುವವರಿಗೆ ಊರಿನ ಆರೋಗ್ಯ ಕೇಂದ್ರದಲ್ಲೇ ನಿಕೋಟಿನ್ ಗಮ್, ಆಪ್ತಸಲಹೆ ಸಿಗಬೇಕು. ಬಿಟ್ಟ ಕೆಲವೇ ವರ್ಷಗಳಲ್ಲಿ ಅಪಾಯ ಇಳಿಯತೊಡಗುತ್ತದೆ. ಹುಡುಗಿಯರಿಗೂ ಬಾಣಂತಿಯರಿಗೂ ಕೊಡುವ ಕಬ್ಬಿಣದ ಮಾತ್ರೆ ನಡುವಯಸ್ಸಿನ ಕೂಲಿ ಹೆಂಗಸಿಗೂ ತಲುಪಬೇಕು.

ಬ್ಯಾರೆಟ್ಸ್ ಇದೆಯೆಂದು ಈಗ ತಾನೇ ತಿಳಿದವರಿಗೆ ನಾನು ಹೇಳುವುದು ಇಷ್ಟು: ನಿಮಗಿರುವುದು ಕ್ಯಾನ್ಸರಲ್ಲ, ಕ್ಯಾನ್ಸರಿನ ಸಣ್ಣ ಸಾಧ್ಯತೆ. ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳಿ, ಹೊಟ್ಟೆಯ ಬೊಜ್ಜು ಇಳಿಸಿ, ಬೀಡಿ-ಸಿಗರೇಟು ಬಿಡಿ, ಬಯಾಪ್ಸಿಯ ವಿವರ ಕೇಳಿ ತಿಳಿದುಕೊಳ್ಳಿ, ಡಿಸ್ಪ್ಲಾಸಿಯಾ ಇಲ್ಲದಿದ್ದರೆ ನೆಮ್ಮದಿಯಿಂದ ಬದುಕಿ. ಇದ್ದರೆ ಧೈರ್ಯವಾಗಿ ಚಿಕಿತ್ಸೆ ಮಾಡಿಸಿಕೊಳ್ಳಿ, ಅದು ಫಲ ಕೊಡುವ ಚಿಕಿತ್ಸೆ. ನಿಮ್ಮ ಭಯಕ್ಕೆ ಕಿವಿಗೊಡಲು ವೈದ್ಯರಿದ್ದಾರೆ, ಹಣವಿದೆ, ಮಾಹಿತಿಯಿದೆ.

ಇವು ಮೂರೂ ಇಲ್ಲದವರ ಪರವಾಗಿ ಯಾರಾದರೂ ಹೆದರಬೇಕು. ಅನ್ನನಾಳದ ಕ್ಯಾನ್ಸರ್ ನಮ್ಮಲ್ಲಿ ಆಕಸ್ಮಿಕವಾಗಿ ಬರುವ ರೋಗವಲ್ಲ. ಅದರ ಕಾರಣಗಳು ಗೊತ್ತಿವೆ, ಪೂರ್ವಸ್ಥಿತಿ ಗೊತ್ತಿದೆ, ಅದನ್ನು ಕಾಣುವ ಮತ್ತು ತೆಗೆಯುವ ವಿಧಾನವೂ ಗೊತ್ತಿದೆ. ಹೀಗೆ ಗೊತ್ತಿದ್ದೂ ಒಬ್ಬ ಹೆಂಗಸು ನುಂಗಲಾರದ ಸ್ಥಿತಿಗೆ ಬಂದು ಆಸ್ಪತ್ರೆ ಸೇರಿದರೆ ಅದನ್ನು ಅವಳ ಅಜ್ಞಾನ ಎಂದು ಬರೆದುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ, ವೈದ್ಯರಿಗಿಲ್ಲ, ಓದು ಬಲ್ಲ ನಮಗೂ ಇಲ್ಲ. ಅವಳ ಬಾಯಿ ನೋಡಿದ ದಿನವೇ ಅವಳ ಅನ್ನನಾಳದ ಬಗ್ಗೆಯೂ ಕೇಳುವ ವ್ಯವಸ್ಥೆಯನ್ನು ಕಟ್ಟುವುದು ಸಾಧ್ಯವಿದೆ. ಸಾಧ್ಯವಿರುವುದನ್ನು ಮಾಡದಿರುವುದಕ್ಕೆ ನಮ್ಮ ಬಳಿ ಯಾವ ಸಬೂಬೂ ಉಳಿದಿಲ್ಲ.